ಗೋಡೆ ಪತ್ರಿಕೆಗೆ ಹಾರಾಟದ ಕೌತುಕಗಳು ಬೇಕಾಗಿವೆ: ಮಲೆನಾಡಿನ ಓದುಗರು ಕೈಜೋಡಿಸಿ

ತೀರ್ಥಹಳ್ಳಿ ಮೇಷ್ಟರು:

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಗೋಡೆ ಪತ್ರಿಕೆಯ ಮುಂದಿನ ಸಂಚಿಕೆಗೆ ಮಕ್ಕಳೇ ‘ಪ್ರಯಾಣ ಮತ್ತು ಹಾರಾಟ’ ಎಂಬ ವಿಷಯವನ್ನು ಆರಿಸಿಕೊಂಡಿದ್ದಾರೆ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ವಿಮಾನವೆಂದರೆ ನಮ್ಮ ಮಕ್ಕಳಿಗೆ ದೂರದ ವಸ್ತುವಾಗಿ ಉಳಿದಿಲ್ಲ. ಆದರೆ ಅವರು ಬರೆದು ತಂದ ಸಂಗತಿಗಳಲ್ಲಿ ಅರ್ಧದಷ್ಟು ಮೊಬೈಲಿನಲ್ಲಿ ಓಡಾಡುವ ಸುಳ್ಳುಗಳು. ಹಾಗಾಗಿ ನಿಮ್ಮ ಸಹಾಯ ಕೇಳುತ್ತಿದ್ದೇನೆ. ನನ್ನ ಷರತ್ತುಗಳು ಎರಡೇ: ಸಂಗತಿ ನಿಜವಾಗಿರಬೇಕು, ಮತ್ತು ಮಲೆನಾಡಿನ ಮಗು ತಾನು ಕಂಡ ಯಾವುದಾದರೂ ವಸ್ತುವಿನ ಜೊತೆ ಇಟ್ಟು ಅಳೆಯುವಂತಿರಬೇಕು. ‘ಮೂವತ್ತೈದು ಸಾವಿರ ಅಡಿ’ ಎಂದು ಬರೆದರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಅಷ್ಟೇ.

ಮೊದಲು ನನ್ನದೊಂದು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರ ನೆಲ ಬಿಟ್ಟು ಮೇಲೆದ್ದ ಮೊದಲ ಹಾರಾಟ ಹನ್ನೆರಡು ಸೆಕೆಂಡುಗಳದ್ದು. ಕ್ರಮಿಸಿದ ದೂರ 120 ಅಡಿ, ಅಂದರೆ ಸುಮಾರು 36 ಮೀಟರ್. ಬೋಯಿಂಗ್ 747-400 ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ 64 ಮೀಟರ್ ಇದೆ. ಜಗತ್ತಿನ ಮೊದಲ ವಿಮಾನಯಾನವನ್ನು ಈಗಿನ ಒಂದು ವಿಮಾನದ ರೆಕ್ಕೆಗಳ ಮೇಲೆಯೇ ಮುಗಿಸಿಬಿಡಬಹುದು! ಅದೇ ಯಂತ್ರದ ಮರದ ಚೂರನ್ನೂ ಬಟ್ಟೆಯ ತುಂಡನ್ನೂ 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಕ್ಕೆ ಒಯ್ದಿದ್ದರು. ಹನ್ನೆರಡು ಸೆಕೆಂಡುಗಳ ಹಾರಾಟಕ್ಕೂ ಚಂದ್ರನಿಗೂ ನಡುವೆ ಅರವತ್ತಾರು ವರ್ಷಗಳಷ್ಟೇ ಅಂತರ ಎಂದು ಹೇಳಿದಾಗ ಇಡೀ ತರಗತಿ ಸ್ತಬ್ಧವಾಯಿತು.

ಕೊಪ್ಪದ ತೋಟಗಾರ:

ಮೇಷ್ಟರೇ, ಆ 36 ಮೀಟರನ್ನು ಅಳೆಯಲು ಮಕ್ಕಳನ್ನು ಅಡಿಕೆ ತೋಟಕ್ಕೆ ಕರೆದುಕೊಂಡು ಹೋಗಿ. ನಮ್ಮ ತೋಟಗಳಲ್ಲಿರುವ ಹಾರುವ ಓತಿ ಒಂದು ಮರದ ತಲೆಯಿಂದ ಜಿಗಿದು, ಸಾಲುಗಳನ್ನು ದಾಟಿ, ದೂರದ ಇನ್ನೊಂದು ಮರದ ಬುಡದ ಹತ್ತಿರ ಕೂರುವುದನ್ನು ನೋಡಬಹುದು. ಅದು ಪಟಪಟನೆ ರೆಕ್ಕೆ ಬಡಿಯುವುದಿಲ್ಲ, ತೇಲುತ್ತದೆ. ರೆಕ್ಕೆಯಂತೆ ಕಾಣುವುದು ಉದ್ದವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ.

ಇದರಲ್ಲಿ ನಿಜವಾದ ಕೌತುಕ ಬೇರೆಯೇ ಇದೆ. ತೇಲುವಾಗ ಈ ಓತಿ ತನ್ನ ಮುಂಗಾಲುಗಳನ್ನು ಏನು ಮಾಡುತ್ತದೆ ಎಂಬುದು ಬಹಳ ಕಾಲ ಯಾರ ಗಮನಕ್ಕೂ ಸರಿಯಾಗಿ ಬಂದಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಓತಿಗಳನ್ನೇ ಗಮನಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನು ವಿವರಿಸಿತು: ಜಿಗಿದ ಕೂಡಲೇ ಅದು ಮುಂಗಾಲುಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂಅಂಚನ್ನು ಹಿಡಿದುಕೊಳ್ಳುತ್ತದೆ. ಇಳಿಯುವ ತನಕ ಬಿಡುವುದಿಲ್ಲ. ರೆಕ್ಕೆಯನ್ನು ಕೈಯಲ್ಲಿ ಹಿಡಿದು ಹಾರಾಟವನ್ನು ನಿಯಂತ್ರಿಸುವ ಪ್ರಾಣಿ! ನಮ್ಮ ತೋಟದಲ್ಲೇ ಇದ್ದ ವೈಮಾನಿಕನನ್ನು ನಾವು ಅಷ್ಟು ತಡವಾಗಿ ತಿಳಿದುಕೊಂಡೆವು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಪತ್ರಿಕೆಯ ಮೊದಲ ಪುಟದಲ್ಲಿ ಇದಕ್ಕೆ ಜಾಗ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಸೋಗಾನೆ ನೆರೆಯವ:

ನಮ್ಮ ನಿಲ್ದಾಣದ ಬಗ್ಗೆ ನಾನು ಬರೆಯುತ್ತೇನೆ. ಉದ್ಘಾಟನೆ 2023ರ ಫೆಬ್ರುವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷ ಆಗಸ್ಟ್ 31ರಂದು. ಬಂದದ್ದು ಎಟಿಆರ್ 72. ಎರಡು ಪ್ರೊಪೆಲ್ಲರ್‌ಗಳ, ರೆಕ್ಕೆ ಮೇಲಿರುವ ವಿಮಾನ. ಫ್ರಾನ್ಸ್ ಮತ್ತು ಇಟಲಿ ಕೂಡಿ ತಯಾರಿಸುವಂಥದ್ದು.

ಎಟಿಆರ್ ವಿಮಾನವನ್ನು ಗಮನಿಸಿ ನೋಡಿದವರಿಗೆ ಮೂರು ವಿಚಿತ್ರಗಳು ಕಾಣುತ್ತವೆ. ಮೊದಲನೆಯದು, ಪ್ರಯಾಣಿಕರು ಹತ್ತುವುದು ಹಿಂಬಾಗಿಲಿನಿಂದ. ಮುಂದಿನ ಬಾಗಿಲು ಇರುವುದು ಸಾಮಾನಿಗೆ. ಮೊದಲ ಸಾಲಿನ ಸೀಟು ಸಿಕ್ಕಿತು ಎಂದು ಸಂತೋಷಪಟ್ಟವರು ಎಲ್ಲರಿಗಿಂತ ಕೊನೆಯಲ್ಲಿ ಇಳಿಯುತ್ತಾರೆ. ಎರಡನೆಯದು, ವಿಮಾನ ನಿಂತ ಮೇಲೆ ಸಿಬ್ಬಂದಿ ಬಾಲದ ಕೆಳಗೆ ಒಂದು ಕಂಬವನ್ನು ಊರುತ್ತಾರೆ. ಎಲ್ಲರೂ ಹಿಂಬಾಗಿಲಿನ ಬಳಿ ಸೇರಿದಾಗ ಹಿಂಭಾರ ಹೆಚ್ಚಾಗಿ ಮೂತಿ ಮೇಲೇಳಬಾರದಲ್ಲ, ಅದಕ್ಕೆ ಈ ಊರುಗೋಲು. ಮೂರನೆಯದು ನನಗೆ ಬಹಳ ಇಷ್ಟ. ನೆಲದ ಮೇಲೆ ನಿಂತಾಗ ಬಲಗಡೆಯ ಪ್ರೊಪೆಲ್ಲರ್ ಸ್ವಲ್ಪವೂ ತಿರುಗದಿದ್ದರೂ ಆ ಬದಿಯ ಎಂಜಿನ್ ಓಡುತ್ತಿರಬಹುದು! ದೊಡ್ಡ ವಿಮಾನಗಳ ಬಾಲದಲ್ಲಿ ನೆಲದ ಮೇಲಿನ ವಿದ್ಯುತ್ತಿಗಾಗಿ ಪುಟ್ಟ ಎಂಜಿನ್ ಒಂದು ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬದಲಿಗೆ ಬಲಗಡೆಯ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ, ಎಂಜಿನ್ನನ್ನು ಮಾತ್ರ ಓಡಿಸಿ, ಒಳಗಿನ ದೀಪಕ್ಕೂ ತಂಪುಗಾಳಿಗೂ ಶಕ್ತಿ ಪಡೆಯುತ್ತಾರೆ. ಹೋಟೆಲ್ ಮೋಡ್ ಎಂದು ಅದನ್ನು ಕರೆಯುತ್ತಾರೆ.

ರನ್‌ವೇ ಉದ್ದ 3,200 ಮೀಟರ್. ರಾಜ್ಯದ ಅತಿ ಉದ್ದದ ರನ್‌ವೇಗಳಲ್ಲಿ ನಮ್ಮದೂ ಒಂದು. ಎಟಿಆರ್ ಏರಲು ಸುಮಾರು 1,300 ಮೀಟರ್ ಸಾಕು. ಅಂದರೆ ಅರ್ಧಕ್ಕಿಂತ ಹೆಚ್ಚು ರನ್‌ವೇ ಬಾಕಿ ಇರುವಾಗಲೇ ಅದು ಗಾಳಿಯಲ್ಲಿರುತ್ತದೆ. ಉಳಿದ ಉದ್ದ ಏರ್‌ಬಸ್, ಬೋಯಿಂಗ್ ಜೆಟ್‌ಗಳಿಗಾಗಿ.

ಹೊಸನಗರ ಓದುಗಳು:

ನೆರೆಯವರೇ, ರೆಕ್ಕೆ ಮೇಲಿರುವುದರ ಲಾಭವನ್ನೂ ಬರೆಯಿರಿ. ಕಿಟಕಿಯಿಂದ ನೋಡಿದರೆ ಕೆಳಗಿನ ಕೆರೆ, ಕಾಡು, ಗದ್ದೆ ಎಲ್ಲವೂ ಅಡೆತಡೆಯಿಲ್ಲದೆ ಕಾಣುತ್ತವೆ. ಆದರೆ ನಡುವಿನ ಕೆಲವು ಸಾಲುಗಳಲ್ಲಿ ಎಂಜಿನ್ ಮತ್ತು ಪ್ರೊಪೆಲ್ಲರ್ ಅಡ್ಡ ಬರುತ್ತವೆ. ಮಳೆಗಾಲ ಮುಗಿದ ಮೇಲೆ ಹೊರಡುವವರು ಹಿಂದಿನ ಸಾಲನ್ನು ಕೇಳಿ ಪಡೆಯಬೇಕು.

ಕೊಪ್ಪದ ವೈದ್ಯೆ:

ಮಗುವಿಗೆ ಎತ್ತರ ಅರ್ಥವಾಗಬೇಕೆಂದು ಮೇಷ್ಟರು ಕೇಳಿದ್ದಾರೆ. ಮುಳ್ಳಯ್ಯನಗಿರಿಯನ್ನು ತೆಗೆದುಕೊಳ್ಳಿ. ಎತ್ತರ ಸುಮಾರು 1,930 ಮೀಟರ್. ದೊಡ್ಡ ಜೆಟ್ ವಿಮಾನ ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಅಂದರೆ ನಮ್ಮ ದೇಹದ ಲೆಕ್ಕದಲ್ಲಿ ಇಡೀ ಪ್ರಯಾಣ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆಯೇ ನಡೆಯುತ್ತದೆ. ಸಮುದ್ರಮಟ್ಟದ ಒತ್ತಡವನ್ನೇ ಕೊಡಬಹುದಲ್ಲ ಎಂದು ಮಕ್ಕಳು ಕೇಳುತ್ತಾರೆ. ಕೊಡಬಹುದು; ಆದರೆ ಆಗ ವಿಮಾನದ ಮೈಯನ್ನು ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಭಾರವಾಗಿ ಕಟ್ಟಬೇಕಾಗುತ್ತದೆ. ಊಟದ ಡಬ್ಬಿಯ ಮುಚ್ಚಳ, ಚಿಪ್ಸ್ ಪೊಟ್ಟಣ ಉಬ್ಬಿಕೊಳ್ಳುವುದು ಒಳಗಿನ ಈ ಕಡಿಮೆ ಒತ್ತಡದ ಕಾರಣಕ್ಕೆ. ಬೆಟ್ಟ ಹತ್ತುವಾಗ ಮಕ್ಕಳ ಕೈಗೆ ಒಂದು ಪೊಟ್ಟಣ ಕೊಟ್ಟು ನೋಡಿ, ಪ್ರಯೋಗಾಲಯವೇ ಬೇಡ.

ಕಿವಿ ಕಟ್ಟಿಕೊಳ್ಳುವುದನ್ನು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಇಳಿದವರೆಲ್ಲ ಅನುಭವಿಸಿದ್ದಾರೆ. ಏರುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು ತೊಂದರೆ ಏಕೆಂದರೆ ಮಧ್ಯಕಿವಿಯಿಂದ ಗಾಳಿ ಹೊರಬರುವುದು ಸುಲಭ, ಒಳಹೋಗುವುದು ಕಷ್ಟ. ಗಂಟಲಿಗೂ ಕಿವಿಗೂ ನಡುವಿನ ಕೊಳವೆ ನುಂಗುವಾಗ ತೆರೆಯುತ್ತದೆ. ಆದ್ದರಿಂದ ಕೂಸುಗಳಿಗೆ ವಿಮಾನ ಇಳಿಯುವಾಗ ಹಾಲು ಕುಡಿಸಬೇಕು. ನೆಗಡಿ ಜೋರಾಗಿದ್ದರೆ ಪ್ರಯಾಣಕ್ಕೆ ಮುಂಚೆ ವೈದ್ಯರನ್ನು ಕೇಳಿ.

ಇನ್ನು ರುಚಿ. ವಿಮಾನದ ಊಟ ಸಪ್ಪೆ ಎಂದು ಎಲ್ಲರೂ ದೂರುತ್ತಾರೆ. ಅಡುಗೆಯವರದಷ್ಟೇ ತಪ್ಪಲ್ಲ. ಒಳಗಿನ ಗಾಳಿ ವಿಪರೀತ ಒಣ, ಮೂಗು ಒಣಗಿ ವಾಸನೆ ಮಂಕಾಗುತ್ತದೆ, ಒತ್ತಡ ಕಡಿಮೆ, ಎಂಜಿನ್ನಿನ ಸದ್ದು ಬೇರೆ. ಉಪ್ಪು ಮತ್ತು ಸಿಹಿಯ ಅರಿವು ತಗ್ಗುತ್ತದೆ. ಜರ್ಮನಿಯ ಲುಫ್ತಾನ್ಸಾ ಸಂಸ್ಥೆ ತನ್ನ ವಿಮಾನಗಳಲ್ಲಿ ಟೊಮೆಟೊ ರಸಕ್ಕೆ ಇಷ್ಟೊಂದು ಬೇಡಿಕೆ ಏಕೆ ಎಂದು ಪರೀಕ್ಷೆ ಮಾಡಿಸಿತ್ತು. ನೆಲದ ಮೇಲೆ ಮಣ್ಣುವಾಸನೆ ಎನಿಸಿದ ರಸ ಕಡಿಮೆ ಒತ್ತಡದಲ್ಲಿ ಹಣ್ಣಿನ ಸವಿಯಂತೆ ಅನಿಸಿತಂತೆ. ನನ್ನ ಅಭಿಪ್ರಾಯ ಕೇಳಿದರೆ, ಆಕಾಶದಲ್ಲಿ ಬಡಿಸಲು ನಮ್ಮ ಟೊಮೆಟೊ ಸಾರಿಗಿಂತ ಯೋಗ್ಯವಾದದ್ದು ಇಲ್ಲ.

ಭದ್ರಾವತಿ ಹಳಬ:

ಡಾಕ್ಟರಮ್ಮನವರ ಮಾತು ಓದಿ ಸಂತೋಷವಾಯಿತು. ನಾನು ಹಳೆಯ ಕಾಲದ್ದನ್ನು ಸೇರಿಸುತ್ತೇನೆ.

ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಲಂಡನ್ನಿನಲ್ಲೋ ಪ್ಯಾರಿಸಿನಲ್ಲೋ ಹಾರಲಿಲ್ಲ. ಅದು ಹಾರಿದ್ದು ಅಲಹಾಬಾದಿನಲ್ಲಿ, 1911ರ ಫೆಬ್ರುವರಿ 18ರಂದು. ಆಂರಿ ಪೆಕೆ ಎಂಬ ಫ್ರೆಂಚ್ ಯುವಕ ಸುಮಾರು 6,500 ಪತ್ರಗಳನ್ನು ಹೊತ್ತು ನದಿ ದಾಟಿ ನೈನಿಗೆ ಹಾರಿದರು. ಹತ್ತು ಕಿಲೋಮೀಟರಿನ ಆಸುಪಾಸಿನ ದೂರ, ಹದಿಮೂರು ನಿಮಿಷ. ರೈಟ್ ಸಹೋದರರ ಹನ್ನೆರಡು ಸೆಕೆಂಡುಗಳಿಂದ ಎಂಟು ವರ್ಷ ತುಂಬುವ ಮೊದಲೇ ಇದು ನಮ್ಮ ದೇಶದಲ್ಲಿ ನಡೆದುಹೋಗಿತ್ತು.

ಕನ್ನಡ ನಾಡಿನ ಪಾಲು ಬಂದದ್ದು 1932ರ ಅಕ್ಟೋಬರಿನಲ್ಲಿ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ತಂದದ್ದು ಬಹಳ ಜನರಿಗೆ ಗೊತ್ತು. ಆ ಅಂಚೆ ಮುಂಬಯಿಯಿಂದ ಮದರಾಸಿಗೆ ಹೇಗೆ ಹೋಯಿತು? ಟಾಟಾ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಒಯ್ದರು! ಟಾಟಾ ಅವರ ಆ ಮೊದಲ ವಿಮಾನ ಅಂಚೆ ಮಾರ್ಗದ ನಕ್ಷೆಯಲ್ಲಿ ಬೆಂಗಳೂರು ಇರಲಿಲ್ಲ, ಬಳ್ಳಾರಿ ಇತ್ತು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲ್ ಡಬ್ಬಿಗಳನ್ನು ಎತ್ತಿನ ಗಾಡಿಯಲ್ಲಿ ತಂದಿದ್ದರು. ಗಾಡಿಯೂ ವಿಮಾನವೂ ಒಂದೇ ಮೈದಾನದಲ್ಲಿ ನಿಂತಿರುವ ಚಿತ್ರವನ್ನು ನಿಮ್ಮ ಮಕ್ಕಳು ಬರೆಯಲಿ, ಮೇಷ್ಟರೇ.

ಎಂಟು ವರ್ಷಗಳ ನಂತರ, 1940ರ ಡಿಸೆಂಬರಿನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಅದೇ ಇಂದಿನ ಎಚ್‌ಎಎಲ್.

ಶಿಕಾರಿಪುರ ಆಸಕ್ತ:

ಹಳಬರು ಇತಿಹಾಸ ಎತ್ತಿದ್ದರಿಂದ ಕೇಳುತ್ತೇನೆ. ಆನೇಕಲ್ ಸುಬ್ಬರಾಯ ಶಾಸ್ತ್ರಿಗಳ ‘ವೈಮಾನಿಕ ಶಾಸ್ತ್ರ’ವನ್ನು ಸೇರಿಸಬೇಡವೇ? ನಮ್ಮ ಪೂರ್ವಜರು ವಿಮಾನ ಹಾರಿಸಿದ್ದರು ಎಂಬುದಕ್ಕೆ ಅದೇ ಸಾಕ್ಷಿ ಎಂದು ಓದಿದ್ದೇನೆ.

ತೀರ್ಥಹಳ್ಳಿ ಮೇಷ್ಟರು:

ಸೇರಿಸೋಣ, ಆದರೆ ಪೂರ್ತಿ ಕಥೆಯೊಂದಿಗೆ. ಶಾಸ್ತ್ರಿಗಳು ಅದನ್ನು 1918ರಿಂದ 1923ರ ನಡುವೆ ಹೇಳಿ ಬರೆಸಿದರು. ಚಿತ್ರಗಳನ್ನು ಬರೆದವರು ಬೆಂಗಳೂರಿನ ನಕ್ಷೆಗಾರರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥವನ್ನು ಶ್ರದ್ಧೆಯಿಂದ ಪರಿಶೀಲಿಸಿದರು. ಭಾಷೆ ಪ್ರಾಚೀನವಲ್ಲ, ಕೃತಿ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ. ಒಂದು ಹಳೆಯ ನಂಬಿಕೆಯನ್ನು ತಳ್ಳಿಹಾಕದೆ, ಕುಳಿತು, ಲೆಕ್ಕ ಹಾಕಿ ನೋಡಿದ ಆ ಐವರ ಕೆಲಸವೇ ಮಕ್ಕಳಿಗೆ ತೋರಿಸಲು ಯೋಗ್ಯವಾದದ್ದು ಎಂದು ನನಗೆ ಅನ್ನಿಸುತ್ತದೆ.

ಶಿಕಾರಿಪುರ ಆಸಕ್ತ:

ಒಪ್ಪುತ್ತೇನೆ. ಹಾಗೆಯೇ ಬರೆಯಿರಿ.

ತುಮರಿ ಕಡೆಯವಳು:

ನಮ್ಮ ಶರಾವತಿ ಹಿನ್ನೀರಿನ ಕಡೆಯಿಂದ ಒಂದು ಕಾಣಿಕೆ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇಗೆ 2.7 ಕಿಲೋಮೀಟರ್. ಎರಡು ನಿಮಿಷದೊಳಗೆ ಮುಗಿಯುತ್ತದೆ; ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡುಗಳಲ್ಲಿ ಮುಗಿದದ್ದೂ ಇದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2025ರ ಜುಲೈ 14ರಂದು ಉದ್ಘಾಟನೆಯಾದ ನಮ್ಮ ಸಿಗಂದೂರು ಸೇತುವೆಯ ಉದ್ದ 2.44 ಕಿಲೋಮೀಟರ್. ಹೆಚ್ಚುಕಡಿಮೆ ಅಷ್ಟೇ ದೂರ! ನಾವು ಲಾಂಚಿಗಾಗಿ ಹೊಳೆಬಾಗಿಲಿನಲ್ಲಿ ಕಾಯುತ್ತಿದ್ದಷ್ಟೇ ಅಗಲದ ನೀರನ್ನು ಅಲ್ಲಿಯವರು ವಿಮಾನದಲ್ಲಿ ದಾಟುತ್ತಾರೆ.

ಅದೇ ದೇಶದ ಬಾರಾ ದ್ವೀಪದಲ್ಲಿ ರನ್‌ವೇ ಎಂದರೆ ಸಮುದ್ರದ ಮರಳು ದಂಡೆ. ಭರತ ಬಂದರೆ ರನ್‌ವೇ ನೀರಿನಡಿ. ಹಾಗಾಗಿ ವಿಮಾನದ ವೇಳಾಪಟ್ಟಿಯನ್ನು ಸಮುದ್ರದ ಉಬ್ಬರವಿಳಿತ ನೋಡಿ ನಿರ್ಧರಿಸುತ್ತಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಲಾಂಚಿನಲ್ಲಿ ವಾಹನ ಸಾಗಿಸುವುದನ್ನು ನಿಲ್ಲಿಸಿದ ದಿನಗಳನ್ನು ಕಂಡ ನಮ್ಮ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೇತುವೆ ಬಂದದ್ದು ದೊಡ್ಡ ನೆಮ್ಮದಿ. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಟವರಿಗೆ ಅದರ ಬೆಲೆ ಗೊತ್ತು.

ಮಂಡಗದ್ದೆ ಪಕ್ಷಿಪ್ರೇಮಿ:

ಚಿಕ್ಕದನ್ನು ಹೇಳಿದಿರಿ, ದೊಡ್ಡದನ್ನೂ ಕೇಳಿ. ಸಿಂಗಪುರದಿಂದ ನ್ಯೂಯಾರ್ಕಿಗೆ ನಡುವೆ ಎಲ್ಲಿಯೂ ಇಳಿಯದೆ ಹೋಗುವ ವಿಮಾನ ಸುಮಾರು 15,300 ಕಿಲೋಮೀಟರನ್ನು ಹದಿನೆಂಟು ಗಂಟೆಗಿಂತ ಹೆಚ್ಚು ಹೊತ್ತಿನಲ್ಲಿ ಕ್ರಮಿಸುತ್ತದೆ. 2022ರ ಅಕ್ಟೋಬರಿನಲ್ಲಿ ಗಾಡ್ವಿಟ್ ಜಾತಿಯ ಒಂದು ಎಳೆಯ ಹಕ್ಕಿ ಅಲಾಸ್ಕಾದಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ 13,560 ಕಿಲೋಮೀಟರ್ ಹಾರಿತು. ಹನ್ನೊಂದು ದಿನ. ಕೆಳಗೆ ಶಾಂತಸಾಗರ. ಅದು ನೀರಿನ ಮೇಲೆ ಕೂತು ವಿರಮಿಸುವ ಹಕ್ಕಿಯೂ ಅಲ್ಲ. ಬೆನ್ನಿಗೆ ಕಟ್ಟಿದ ಪುಟ್ಟ ಉಪಕರಣ ಉಪಗ್ರಹಕ್ಕೆ ಕಳಿಸಿದ ಸಂಕೇತಗಳಿಂದ ಈ ದಾರಿ ತಿಳಿಯಿತು.

ಮಳೆಗಾಲದಲ್ಲಿ ನಮ್ಮ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು, ನೀರುಕಾಗೆಗಳು ಗೂಡು ಕಟ್ಟಿರುವುದನ್ನು ಮಕ್ಕಳಿಗೆ ತೋರಿಸುವಾಗ ಈ ಹಕ್ಕಿಯ ಮಾತೂ ಬರಲಿ.

ಶಿವಮೊಗ್ಗ ಗ್ರಂಥಾಲಯಪ್ರಿಯ:

ನಮ್ಮ ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿದೆ. ಸಾಮಾನ್ಯವಾಗಿ ನಿಲ್ದಾಣಗಳಿಗೆ ರಾಜಕಾರಣಿಗಳ, ರಾಜರ ಹೆಸರುಗಳೇ ಹೆಚ್ಚು. ಕವಿಗಳ ಹೆಸರಿನವು ಬೇರೆ ಎಲ್ಲಿವೆ ಎಂದು ಹುಡುಕಿದಾಗ ಒಳ್ಳೆಯ ಬಳಗವೇ ಸಿಕ್ಕಿತು. ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿಯ ಅಂಡಾಲ್ ನಿಲ್ದಾಣ ಕಾಜಿ ನಜ್ರುಲ್ ಇಸ್ಲಾಂ ಅವರದು. ಸ್ಪೇನಿನ ಗ್ರಾನಡಾ ನಿಲ್ದಾಣ ಲೋರ್ಕಾ ಅವರದು. ಮಾಸ್ಕೋದ ಶೆರೆಮೆತ್ಯೆವೊ ನಿಲ್ದಾಣಕ್ಕೆ 2019ರಲ್ಲಿ ಪುಷ್ಕಿನ್ ಹೆಸರಿಟ್ಟರು. ಸಂಗೀತಗಾರರೂ ಇದ್ದಾರೆ: ವಾರ್ಸಾದಲ್ಲಿ ಶೋಪಾಂ, ಸಾಲ್ಸ್‌ಬರ್ಗ್‌ನಲ್ಲಿ ಮೊಜಾರ್ಟ್. ಕುಪ್ಪಳಿಯಲ್ಲಿ ಬಾಲ್ಯ ಕಳೆದ ಕವಿ ಪುಷ್ಕಿನ್ ಮತ್ತು ನಜ್ರುಲ್ ಇರುವ ಪಂಕ್ತಿಯಲ್ಲಿ ಇದ್ದಾರೆ ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೆ ತಿಳಿದಿರಲೇಬೇಕು.

ಟಿಕೆಟ್‌ನಲ್ಲಿರುವ ಮೂರಕ್ಷರದ ಸಂಕೇತದ ಬಗ್ಗೆಯೂ ಒಂದು ಮಾತು. ನಮ್ಮದು ಆರ್‌ಕ್ಯೂವೈ. ಊರಿನ ಹೆಸರಿಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ ಎಂದು ಹಲವರು ಕೇಳುತ್ತಾರೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಂದ ಮೂರಕ್ಷರದ 17,576 ಸಂಕೇತಗಳು ಮಾತ್ರ ಸಾಧ್ಯ. ಇಡೀ ಜಗತ್ತಿಗೆ ಅಷ್ಟರಲ್ಲೇ ಹಂಚಬೇಕು. ಶಿವಮೊಗ್ಗಕ್ಕೆ ಹೊಂದಬಹುದಾಗಿದ್ದ ಎಸ್‌ಎಚ್‌ಎಂ ಜಪಾನಿನ ಶಿರಾಹಾಮಾ ಬಳಿ ಇದೆ. ಮಂಗಳೂರಿನದು ಐಎಕ್ಸ್‌ಇ, ಬೆಳಗಾವಿಯದು ಐಎಕ್ಸ್‌ಜಿ. ತಡವಾಗಿ ಬಂದ ಊರುಗಳಿಗೆ ಉಳಿದದ್ದೇ ಸಿಗುತ್ತದೆ.

ಸಾಗರದ ವಾಣಿಜ್ಯ ಉಪನ್ಯಾಸಕ:

ಲೆಕ್ಕದ ಮಕ್ಕಳಿಗೆ ಎರಡು. 1987ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಊಟದ ಸಲಾಡ್‌ನಿಂದ ಒಂದೇ ಒಂದು ಆಲಿವ್ ಕಾಯಿಯನ್ನು ಕೈಬಿಟ್ಟು ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಸಿತು. ಇನ್ನೊಂದು, 1914ರ ಜನವರಿ 1ರಂದು ಫ್ಲಾರಿಡಾದಲ್ಲಿ ಹಾರಿದ ಮೊದಲ ನಿಗದಿತ ಪ್ರಯಾಣಿಕ ವಿಮಾನದಲ್ಲಿ ಇದ್ದದ್ದು ಒಬ್ಬರೇ ಪ್ರಯಾಣಿಕರು. ಟಿಕೆಟ್ ಹರಾಜಾಗಿ 400 ಡಾಲರಿಗೆ ಹೋಯಿತು. ಪ್ರಯಾಣ 23 ನಿಮಿಷ.

ಆಗುಂಬೆ ಮಳೆ:

ಸಿಡಿಲಿನ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಮಕ್ಕಳು ನಡುಗುತ್ತಾರೆ, ‘ವಿಮಾನಕ್ಕೆ ಬಡಿದರೆ?’ ಎಂದು ಕೇಳುತ್ತಾರೆ. ಬಡಿಯುತ್ತದೆ. ಸರಾಸರಿ ನೋಡಿದರೆ ಒಂದು ಪ್ರಯಾಣಿಕ ವಿಮಾನಕ್ಕೆ ವರ್ಷಕ್ಕೊಮ್ಮೆ. ವಿದ್ಯುತ್ತು ಮೂಗಿನ ಬಳಿಯೋ ರೆಕ್ಕೆಯ ತುದಿಯಲ್ಲೋ ಹೊಕ್ಕು, ಲೋಹದ ಹೊರಮೈಯಲ್ಲೇ ಹರಿದು, ಬಾಲದಂಥ ಇನ್ನೊಂದು ತುದಿಯಿಂದ ಹೊರಹೋಗುತ್ತದೆ. ಒಳಗೆ ಕುಳಿತವರಿಗೆ ಒಂದು ಬೆಳಕು, ಒಂದು ಸದ್ದು. ಹೊಸ ವಿಮಾನಗಳ ಮೈ ಇಂಗಾಲದ ನಾರಿನದ್ದಾದರೆ ಅದರೊಳಗೆ ತೆಳುವಾದ ಲೋಹದ ಜಾಲರಿಯನ್ನು ಹುದುಗಿಸಿರುತ್ತಾರೆ. ಬಯಲಿನಲ್ಲಿ ಮರದ ಕೆಳಗೆ ನಿಂತವರಿಗಿಂತ ಮೋಡದ ನಡುವೆ ವಿಮಾನದಲ್ಲಿರುವವರು ಎಷ್ಟೋ ಸುರಕ್ಷಿತ. ದಯವಿಟ್ಟು ಈ ಕೊನೆಯ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿ. ಪ್ರತಿ ವರ್ಷ ತೋಟದಲ್ಲಿ, ಗದ್ದೆಯಲ್ಲಿ ಸಿಡಿಲಿಗೆ ಜೀವ ಹೋಗುತ್ತಿದೆ.

ತೀರ್ಥಹಳ್ಳಿ ಮೇಷ್ಟರು:

ದಪ್ಪ ಅಕ್ಷರದಲ್ಲೇ ಬರುತ್ತದೆ. ಎಲ್ಲರಿಗೂ ಕೃತಜ್ಞತೆಗಳು. ಮಕ್ಕಳು ಇವನ್ನೆಲ್ಲ ಓದಿ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ವಿಮಾನಕ್ಕೆ ಬಸ್ಸಿನಂತೆ ಹಾರನ್ ಇದೆಯೇ? ಬೀಗದ ಕೈ ಇದೆಯೇ? ಹಿಂದಕ್ಕೆ ಹೋಗಬಲ್ಲದೇ? ಸೋಗಾನೆಯವರು ದಯಮಾಡಿ ಉತ್ತರಿಸಬೇಕು.

ಸೋಗಾನೆ ನೆರೆಯವ:

ಒಳ್ಳೆಯ ಪ್ರಶ್ನೆಗಳು. ಹಾರನ್ ಇದೆ! ದೊಡ್ಡ ಜೆಟ್‌ಗಳಲ್ಲಿ ಪೈಲಟ್ ಒಂದು ಗುಂಡಿ ಒತ್ತಿದರೆ ಮುಂದಿನ ಚಕ್ರದ ಗೂಡಿನಿಂದ ಸದ್ದು ಬರುತ್ತದೆ. ಅದು ಕೆಳಗೆ ಕೆಲಸ ಮಾಡುವ ಸಿಬ್ಬಂದಿಯನ್ನು ಕರೆಯಲು. ಆಕಾಶದಲ್ಲಿ ದಾರಿ ಬಿಡಿ ಎನ್ನಲು ಅಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳನ್ನು ಚಾಲೂ ಮಾಡಲು ಬೀಗದ ಕೈ ಇರುವುದಿಲ್ಲ, ಗುಂಡಿಗಳು ಮತ್ತು ಸನ್ನೆಕೋಲುಗಳೇ. ಫ್ಲೈಯಿಂಗ್ ಕ್ಲಬ್ಬುಗಳ ಪುಟ್ಟ ವಿಮಾನಗಳಲ್ಲಿ ಕೈ ಇರುತ್ತದೆ. ಹಿಂದಕ್ಕೆ ಹೋಗುವ ವಿಷಯದಲ್ಲಿ, ಚಕ್ರಗಳಿಗೆ ಎಂಜಿನ್ ಜೋಡಣೆಯೇ ಇಲ್ಲ, ಅವು ಸುಮ್ಮನೆ ಉರುಳುತ್ತವೆ. ಆದ್ದರಿಂದ ಸಾಮಾನ್ಯವಾಗಿ ಟ್ರ್ಯಾಕ್ಟರಿನಂಥ ವಾಹನ ಹಿಂದಕ್ಕೆ ತಳ್ಳುತ್ತದೆ. ಆದರೆ ಎಟಿಆರ್‌ನಂಥ ವಿಮಾನ ತನ್ನ ಪ್ರೊಪೆಲ್ಲರಿನ ಅಲಗುಗಳ ಕೋನವನ್ನು ತಿರುಗಿಸಿ ಗಾಳಿಯನ್ನು ಮುಂದಕ್ಕೆ ದೂಡಬಲ್ಲದು. ಇಳಿದ ಕೂಡಲೇ ಒಮ್ಮೆಲೇ ಜೋರಾಗಿ ಕೇಳುವ ಸದ್ದು ಅದರದೇ. ವೇಗ ತಗ್ಗಿಸಲು ಅದನ್ನು ಬಳಸುತ್ತಾರೆ. ಬಾಲದ ಊರುಗೋಲಿನ ಚಿತ್ರವನ್ನು ಯಾರಾದರೂ ವಿದ್ಯಾರ್ಥಿ ಬರೆಯುವುದಾದರೆ ತಿಳಿಸಿ, ಅಳತೆಗೆ ತಕ್ಕಂತೆ ರೇಖಾಚಿತ್ರ ಮಾಡಿಕೊಡುತ್ತೇನೆ.